ಪಲ್ಯ ನೆಂಚಿಕೊಳ್ಳಲು ಅಲ್ಲ, ತಿನ್ನಲು

ಪ್ರಶ್ನೆ: ನನಗೆ 48 ವರ್ಷ. ಅಂಕೋಲೆ ಹತ್ತಿರದ ಹಳ್ಳಿ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಹೋದ ತಿಂಗಳು ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ 6.1 ಬಂತು. ಬಿಪಿ 138/88. ಮಾತ್ರೆ ಈಗ ಬೇಡ, ಹಣ್ಣು ತರಕಾರಿ ಜಾಸ್ತಿ ತಿನ್ನಿ, ದಿನಾ ಸ್ವಲ್ಪ ವ್ಯಾಯಾಮ ಮಾಡಿ ಅಂದರು ಡಾಕ್ಟರು. ಜಾಸ್ತಿ ಅಂದರೆ ಎಷ್ಟು? ನಮ್ಮದು ಮೀನೂಟದ ಮನೆ, ತರಕಾರಿ ಅಷ್ಟಕ್ಕಷ್ಟೇ. ಸಕ್ಕರೆ ಇರುವಾಗ ಹಣ್ಣು ತಿನ್ನಬಹುದಾ? ನಾಲ್ಕು ತಿಂಗಳು ಮಳೆ, ವಾಕಿಂಗ್ ಎಲ್ಲಿ ಹೋಗಲಿ? ಬೆಳಗಾದರೆ ಮನೆಕೆಲಸ ಇದ್ದೇ ಇದೆ, ಅದು ಸಾಲದೇ?

ಉತ್ತರ: ಮೊದಲು ನಿಮ್ಮ ಅಂಕಿಗಳನ್ನು ನೋಡೋಣ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ಒಳಗೆ, ಎಚ್‌ಬಿಎ1ಸಿ (ಕಳೆದ ಮೂರು ತಿಂಗಳ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 5.7ರಿಂದ 6.4ರ ಒಳಗೆ ಇದ್ದರೆ ಅದು ಪ್ರಿಡಯಾಬಿಟಿಸ್. ಸಕ್ಕರೆ ಕಾಯಿಲೆ ಮನೆಯೊಳಗೆ ಬಂದಿಲ್ಲ, ಹೊಸಿಲ ಹತ್ತಿರ ನಿಂತಿದೆ. ಇಲ್ಲಿಂದ ಹಿಂದೆ ಕಳಿಸಲು ಆಗುತ್ತದೆ. ಇದು ಸುಮ್ನೆ ಧೈರ್ಯ ಹೇಳುವ ಮಾತಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ನಮ್ಮ ದೇಶದವರ ಮೇಲೇ ಒಂದು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ನಿಮ್ಮ ಹಾಗೆ ಹೊಸಿಲಲ್ಲಿದ್ದ 531 ಜನರನ್ನು ತೆಗೆದುಕೊಂಡು, ಕೆಲವರಿಗೆ ಊಟ ತಿದ್ದಿ ದಿನಾ ನಡೆಯಲು ಹೇಳಿದರು, ಕೆಲವರಿಗೆ ಮಾತ್ರೆ ಕೊಟ್ಟರು. ಊಟ ತಿದ್ದಿ ನಡೆದವರಲ್ಲಿ ಕಾಯಿಲೆಗೆ ಜಾರುವ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಶೇ. 26.4. ಅಂದರೆ ನಡಿಗೆ ಮತ್ತು ಊಟ ಮಾತ್ರೆಗೆ ಸಮನಾಗಿ ನಿಂತವು. ನಿಮ್ಮ ಡಾಕ್ಟರು ಹೇಳಿದ್ದು ಸರಿ. ಆದರೆ ಎಷ್ಟು, ಹೇಗೆ ಅಂತ ಹೇಳಲು ಅವರಿಗೆ ಹೊತ್ತು ಸಿಕ್ಕಿರಲಿಕ್ಕಿಲ್ಲ. ಅದನ್ನು ನಾನು ಹೇಳುತ್ತೇನೆ.

ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು. ಅಕ್ಕಿ, ಗೋಧಿ, ರಾಗಿ ಎಲ್ಲಾ ಸೇರಿ 250 ಗ್ರಾಂ. ಇವೆಲ್ಲ ಬೇಯಿಸುವ ಮೊದಲಿನ ತೂಕ. ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ಅಕ್ಕಿಗಿಂತ ತರಕಾರಿ ಜಾಸ್ತಿ! ನಮ್ಮ ಬಟ್ಟಲಲ್ಲಿ ಇದು ತಲೆಕೆಳಗಾಗಿದೆ ಅಲ್ವಾ? ಬೆಳಿಗ್ಗೆ ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಂಜೆ ಚಹಾ ಜೊತೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ. ನಾಲ್ಕೂ ಹೊತ್ತು ಅಕ್ಕಿಯೇ. ಪಕ್ಕದಲ್ಲಿ ಒಂದು ಚಮಚ ಪಲ್ಯ.

ಇಪ್ಪತ್ತು ವರ್ಷದಿಂದ ಈ ಜಿಲ್ಲೆಯವರ ಊಟ ಕೇಳುತ್ತಾ ಬಂದಿದ್ದೇನೆ. ಘಟ್ಟದ ಮೇಲಿನ ಸಿರಸಿ ಇರಲಿ, ಕೆಳಗಿನ ಕಾರವಾರ ಇರಲಿ, "ತರಕಾರಿ ತಿನ್ನುತ್ತೀರಾ?" ಅಂದರೆ ಎಲ್ಲರೂ "ದಿನಾ ತಿನ್ನುತ್ತೇವೆ" ಅನ್ನುತ್ತಾರೆ. ಸುಳ್ಳಲ್ಲ. ಆದರೆ ನಾವು ತರಕಾರಿ ತಿನ್ನುವುದಿಲ್ಲ, ನೆಂಚಿಕೊಳ್ಳುತ್ತೇವೆ. ಪಲ್ಯ ಅನ್ನುವುದು ನಮಗೆ ಅನ್ನ ಒಳಗೆ ಇಳಿಸಲು ಬೇಕಾದ ರುಚಿ. ಉಪ್ಪಿನಕಾಯಿ ಹೇಗೋ ಪಲ್ಯವೂ ಹಾಗೇ, ಬೆರಳ ತುದಿಯಲ್ಲಿ ಮುಟ್ಟುವಷ್ಟು. ನೀವು ಮಾಡಬೇಕಾದ ದೊಡ್ಡ ಬದಲಾವಣೆ ಇದೊಂದೇ. ಪಲ್ಯವನ್ನು ತಿನ್ನಿ, ಅನ್ನವನ್ನು ನೆಂಚಿಕೊಳ್ಳಿ. ಬೇರೆ ಅಡುಗೆ ಬೇಡ, ಪೇಟೆಯಿಂದ ಬರುವ ಬ್ರಾಕಲಿ, ಓಟ್ಸ್ ಬೇಡ, ಮನೆಯಲ್ಲಿ ನಿಮಗೊಬ್ಬರಿಗೇ ಪ್ರತ್ಯೇಕ ಪಾತ್ರೆ ಬೇಡ. ಅದೇ ಅಡುಗೆ, ಬಟ್ಟಲಲ್ಲಿ ಜಾಗ ಮಾತ್ರ ಅದಲುಬದಲು.

ಮೊನ್ನೆ ನನ್ನ ಅಡುಗೆಮನೆಯಲ್ಲಿ ತೂಗಿ ನೋಡಿದೆ. ಕೆಂಪು ಹರಿವೆ, ಬೇರು ತೆಗೆದು ತೊಳೆದು ಹೆಚ್ಚಿದ ಮೇಲೆ 300 ಗ್ರಾಂ. ಬಾಣಲೆಗೆ ಹಾಕಿದಾಗ ಗುಡ್ಡೆಯಾಗಿ ಅಂಚಿನಿಂದ ಹೊರಗೆ ಬಂತು. ಇದನ್ನು ಒಬ್ಬಳೇ ತಿನ್ನುವುದು ಹೇಗಪ್ಪಾ ಅನ್ನಿಸುವಷ್ಟು. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟು, ಮುಚ್ಚಿಟ್ಟು ಎಂಟು ನಿಮಿಷ ಬಿಟ್ಟೆ. ತೆಗೆದರೆ ಒಂದೂವರೆ ಬಟ್ಟಲು ಪಲ್ಯ. ಅದನ್ನು ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಅರ್ಧ ಬಟ್ಟಲು ತಿಂದರೆ ದಿನದ ಮುಕ್ಕಾಲು ಪಾಲು ಮುಗಿಯಿತು. ಉಳಿದ 100 ಗ್ರಾಂಗೆ ಒಂದು ಎಳೆ ಸೌತೆಕಾಯಿ ಸಾಕು. ಇಷ್ಟೇ ಲೆಕ್ಕ. ಹೆದರುವಂಥದ್ದು ಏನೂ ಇಲ್ಲ.

ಆದರೆ ಲೆಕ್ಕಕ್ಕೆ ಬಾರದವೂ ಇವೆ. ಉಪ್ಪಿನಕಾಯಿ ಬರುವುದಿಲ್ಲ. ಮಾವಿನ ಮಿಡಿ ಮಾವಿನದೇ ಆದರೂ ಅದರಲ್ಲಿ ಹೊಟ್ಟೆಗೆ ಹೋಗುವುದು ಉಪ್ಪು. ಬಟಾಟೆ, ಸುವರ್ಣಗಡ್ಡೆ, ಬಾಳೆಕಾಯಿ ಇವೆಲ್ಲ ಅನ್ನದ ಕಡೆಯವು. ಬಟಾಟೆ ಪಲ್ಯ ಮಾಡಿದ ದಿನ ಅನ್ನ ಇನ್ನೂ ಕಡಿಮೆ ಮಾಡಿ. ಇನ್ನು ತಂಬುಳಿ. ಒಂದೆಲಗ, ದೊಡ್ಡಪತ್ರೆ, ನೆಲ್ಲಿ ಯಾವುದರದ್ದೇ ಇರಲಿ, ತಂಬುಳಿ ನನಗೆ ಜೀವ. ಸಿರಸಿ ಕಡೆ ಹುಟ್ಟಿದವರಿಗೆ ಅದಿಲ್ಲದೆ ಊಟ ಇಳಿಯುವುದಿಲ್ಲ. ಆದರೂ ನಿಜ ಹೇಳಬೇಕು. ಒಂದು ಹಿಡಿ ಎಲೆಯನ್ನು ನಾಲ್ಕು ಜನರ ಮಜ್ಜಿಗೆಗೆ ಅರೆದರೆ ಒಬ್ಬರಿಗೆ ಬರುವುದು ಹತ್ತು ಗ್ರಾಂ ಸೊಪ್ಪು. ಖಂಡಿತ ಕುಡಿಯಿರಿ, ಒಳ್ಳೆಯದೇ. ಆದರೆ ಸೊಪ್ಪು ತಿಂದೆ ಅಂತ ಬರೆದುಕೊಳ್ಳಬೇಡಿ.

ಮೀನು ಬಿಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಲ್ಲಿ ಇದ್ದೇ ಇರುತ್ತದೆ. ಬಿಡಬೇಡಿ. ಬಂಗಡೆ, ತಾರ್ಲೆ ಎರಡೂ ಹೃದಯಕ್ಕೆ ಒಳ್ಳೆಯವು, ಬೆಲೆಯೂ ಕೈಗೆ ಎಟುಕುವಂಥದ್ದು. ಹುರಿದದ್ದು ವಾರಕ್ಕೆ ಒಂದೆರಡು ಸಲ ಸಾಕು, ಉಳಿದ ದಿನ ಸಾರು ಮಾಡಿ. ಕರಾವಳಿಯಲ್ಲಿ ಮೀನೂಟದವರ ಮನೆಯಲ್ಲೇ ತರಕಾರಿ ತಿನ್ನಿಸುವ ಒಳ್ಳೆಯ ದಾರಿ ಒಂದಿದೆ. ಶೆಟ್ಲಿ, ಅಂದರೆ ಸಿಗಡಿ ಹಾಕಿದ ಬಸಳೆ ಸಾರು. ಮೊಗೆಕಾಯಿಗೂ ಹೀರೆಕಾಯಿಗೂ ಇದು ಒಗ್ಗುತ್ತದೆ. "ತರಕಾರಿ ಸೇರುವುದಿಲ್ಲ" ಅನ್ನುವ ಗಂಡಸರು ಇದನ್ನು ಕೇಳಿ ಬಡಿಸಿಕೊಳ್ಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಶೆಟ್ಲಿ ಒಂದು ಹಿಡಿ, ಬಸಳೆ ನಾಲ್ಕು ಹಿಡಿ, ಇದು ಅಳತೆ.

ಒಣ ಮೀನಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮನೆಯಲ್ಲಿ ಒಣ ಮೀನು, ಉಪ್ಪಿನಕಾಯಿ, ಹಪ್ಪಳ ಎಲ್ಲಾ ಒಟ್ಟಿಗೇ ಬಟ್ಟಲಿಗೆ ಬರುತ್ತವೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಟೀ ಚಮಚದಷ್ಟು ಮಿತಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಬಿಪಿ 138/88. ಒಣ ಮೀನನ್ನು ನೀರಲ್ಲಿ ನೆನೆಸಿ, ಎರಡು ಸಲ ನೀರು ಚೆಲ್ಲಿ, ಆಮೇಲೆ ಸಾರಿಗೆ ಹಾಕಿ. ಆ ದಿನ ಉಪ್ಪಿನಕಾಯಿ ಡಬ್ಬಿ ತೆಗೆಯಬೇಡಿ.

ಬಿಪಿಗೂ ತರಕಾರಿಗೂ ಏನು ಸಂಬಂಧ ಅಂತ ಕೇಳುವವರು ತುಂಬಾ ಜನ. ಹಣ್ಣು ತರಕಾರಿಯಲ್ಲಿರುವ ಪೊಟ್ಯಾಸಿಯಂ ಮೈಯಲ್ಲಿ ಸೇರಿದ ಉಪ್ಪನ್ನು ಮೂತ್ರದಲ್ಲಿ ಹೊರಗೆ ಕಳಿಸಲು ಸಹಾಯ ಮಾಡುತ್ತದೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಡ್ಯಾಶ್ ಅನ್ನುವ ಅಧ್ಯಯನದಲ್ಲಿ 459 ಜನರ ಊಟ ಬದಲಿಸಿ 8 ವಾರ ನೋಡಿದರು. ಹಣ್ಣು ತರಕಾರಿ ಹೇರಳ, ಕೊಬ್ಬು ಕಡಿಮೆಯ ಹಾಲು ಮೊಸರು, ಎಣ್ಣೆ ಕಡಿಮೆ. ಬಿಪಿ ಜಾಸ್ತಿ ಇದ್ದವರಲ್ಲಿ ಮೇಲಿನ ಅಂಕಿ ಸರಾಸರಿ 11.4 ಇಳಿಯಿತು. ಉಪ್ಪನ್ನು ಕಡಿಮೆ ಮಾಡದೇ ಇಷ್ಟು ಇಳಿದದ್ದು ಅನ್ನುವುದನ್ನು ಗಮನಿಸಿ.

ತರಕಾರಿಗೆ ದುಡ್ಡು ಜಾಸ್ತಿ ಆಗುತ್ತದೆ ಅನ್ನುವ ಚಿಂತೆ ಇದ್ದರೆ, ಅಂಕೋಲೆ ಪೇಟೆಯಲ್ಲಿ ಹಾಲಕ್ಕಿ ಅಮ್ಮಂದಿರು ಬುಟ್ಟಿ ಇಟ್ಟುಕೊಂಡು ಕೂರುತ್ತಾರಲ್ಲ, ಅವರ ಹತ್ತಿರ ಕೊಳ್ಳಿ. ಅವರು ಅವತ್ತು ಏನು ತಂದಿದ್ದಾರೋ ಅದೇ ಆ ಕಾಲದ ತರಕಾರಿ. ಬೇಸಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಕುಮಟೆಯ ಸಿಹಿ ಈರುಳ್ಳಿಯನ್ನು ಹಸಿಯಾಗಿಯೇ ತಿನ್ನಬಹುದು. ತೆಳ್ಳಗೆ ಹೆಚ್ಚಿ, ಸೌತೆ ಸೇರಿಸಿ, ನಿಂಬೆ ಹಿಂಡಿ. ಮಳೆಗಾಲದಲ್ಲಿ ತರಕಾರಿ ಸಿಗುವುದಿಲ್ಲ ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಚಗಟೆ ಸೊಪ್ಪು ಆಗಲೇ ಹಿತ್ತಿಲ ತುಂಬಾ ಏಳುತ್ತದೆ. ಕೆಸುವಿನ ಎಲೆ ಇದೆ. ತುರಿಸದಂತೆ ಹುಣಸೆ ಅಥವಾ ಮುರುಗಲು (ಕೋಕಂ) ಸಿಪ್ಪೆ ಹಾಕಿ ಚೆನ್ನಾಗಿ ಬೇಯಿಸಬೇಕು. ಕಳಲೆ ಇದೆ. ಅದನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ಆಮೇಲೆಯೇ ಅಡುಗೆ ಮಾಡಬೇಕು. ಬಾಳೆದಿಂಡು, ಹಾಗಲ, ಪಡವಲ, ಹೀರೆ ಎಲ್ಲಾ ಇವೆ. ಬೇಸಗೆಯಲ್ಲಿ ಕೊಯ್ದ ಮೊಗೆಕಾಯಿಯನ್ನು ಬಾಳೆ ಪಟ್ಟೆಯಲ್ಲಿ ಕಟ್ಟಿ ಅಟ್ಟದಿಂದ ಇಳಿಬಿಡುತ್ತಿದ್ದರು ನಮ್ಮ ಅಜ್ಜಿ. ಅದು ಮಳೆ ಮುಗಿಯುವ ತನಕ ಬರುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು.

ಒಂದೇ ದಿನ ಅಷ್ಟೂ ತಿನ್ನಲು ಹೋಗಬೇಡಿ. ನಾರು ಒಮ್ಮೆಗೇ ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ. ಆಮೇಲೆ "ಸೊಪ್ಪು ನನಗೆ ಆಗುವುದಿಲ್ಲ" ಅಂತ ಬಿಟ್ಟೇ ಬಿಡುತ್ತೀರಿ. ಮೊದಲ ವಾರ ಮಧ್ಯಾಹ್ನ ಮಾತ್ರ ಒಂದು ಬಟ್ಟಲು ಪಲ್ಯ. ಎರಡನೇ ವಾರ ರಾತ್ರಿಯೂ ಸೇರಿಸಿ. ಮೂರನೇ ವಾರ ಬೆಳಿಗ್ಗೆಯ ದೋಸೆ ನಾಲ್ಕಿದ್ದರೆ ಎರಡಕ್ಕೆ ಇಳಿಸಿ, ಹಿಟ್ಟಿಗೇ ಸೌತೆಕಾಯಿ ತುರಿ ಅಥವಾ ನುಗ್ಗೆ ಸೊಪ್ಪು ಬೆರೆಸಿ. ನೀರು ಚೆನ್ನಾಗಿ ಕುಡಿಯಿರಿ. ಮತ್ತೆ, ಕೂತ ಕೂಡಲೇ ಮೊದಲು ಪಲ್ಯ ತಿನ್ನಿ, ಅನ್ನ ಆಮೇಲೆ. ಮೊದಲು ತರಕಾರಿ ಹೊಟ್ಟೆಗೆ ಹೋದರೆ ಅನ್ನದ ಸಕ್ಕರೆ ನಿಧಾನ ಏರುತ್ತದೆ, ಅನ್ನವೂ ತಾನಾಗಿ ಕಡಿಮೆ ಸೇರುತ್ತದೆ.

ಹಣ್ಣಿನ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ತಿನ್ನಬಹುದು, ತಿನ್ನಬೇಕು. 100 ಗ್ರಾಂ ಅಂದರೆ ಒಂದು ಪೇರಲೆ, ಅಥವಾ ಎರಡು ಸಣ್ಣ ಬಾಳೆಹಣ್ಣು, ಅಥವಾ ಹಲಸಿನ ನಾಲ್ಕು ತೊಳೆ. ಊಟದ ಮೇಲೆ ಹಣ್ಣು ಬೇಡ. ಸಂಜೆ ಚಹಾ ಜೊತೆ ತಿನ್ನುವ ಅವಲಕ್ಕಿ, ಟೋಸ್ಟಿನ ಜಾಗದಲ್ಲಿ ತಿನ್ನಿ. ನಿಮ್ಮೂರಿನದೇ ಕರಿ ಇಷಾಡ ಮಾವು, 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಹಣ್ಣು, ಅದನ್ನು ಬಿಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ದಿನಕ್ಕೆ ಅರ್ಧ ಹಣ್ಣು, ಹೋಳು ಮಾಡಿ, ಅಗಿದು ತಿನ್ನಿ. ರಸ ಹಿಂಡಿ ಕುಡಿಯಬೇಡಿ. ರಸಾಯನ, ಹಣ್ಣಿನ ಹಲ್ವಾ, ಸಕ್ಕರೆ ಹಾಕಿದ ಕೋಕಂ ಶರಬತ್ತು ಇವು ಹಣ್ಣಿನ ಹೆಸರಿನ ಸಿಹಿ ಅಷ್ಟೇ. ಬಾಯಾರಿದರೆ ಸಕ್ಕರೆ ಇಲ್ಲದ ಮುರುಗಲು ನೀರು, ಉಪ್ಪು ಕಡಿಮೆ ಹಾಕಿದ ಅಪ್ಪೆಹುಳಿ ಇದೆಯಲ್ಲ.

ಈಗ ಮನೆಕೆಲಸದ ಮಾತು. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಇದಕ್ಕೆ ಹೌದು ಅಂತಲೂ ಇಲ್ಲ ಅಂತಲೂ ಉತ್ತರ. ಬಾವಿಯಿಂದ ನೀರು ಸೇದುವುದು, ಅಂಗಳ ಗುಡಿಸುವುದು, ಬಟ್ಟೆ ಕಲ್ಲಿಗೆ ಬಡಿದು ಒಗೆಯುವುದು ವ್ಯಾಯಾಮವೇ. ಉಸಿರು ಜೋರಾಗುತ್ತದೆ, ಮೈ ಬೆಚ್ಚಗಾಗುತ್ತದೆ. ಅದು ಲೆಕ್ಕಕ್ಕೆ ಬರುತ್ತದೆ. ಸ್ಟೋವ್ ಮುಂದೆ ನಿಂತು ಸಾರು ಕಲಕುವುದು ದಣಿವು ತರುತ್ತದೆ, ವ್ಯಾಯಾಮ ಆಗುವುದಿಲ್ಲ. ನಮ್ಮ ಹೆಂಗಸರು ಸಂಜೆಗೆ ಸುಸ್ತಾಗಿರುತ್ತಾರೆ, ಅದಕ್ಕೇ "ನನಗೆ ಸಾಕಷ್ಟು ಕೆಲಸ ಆಗಿದೆ" ಅನ್ನಿಸುತ್ತದೆ. ದಣಿವು ಬೇರೆ, ಮೈಗೆ ಕಸರತ್ತು ಬೇರೆ. ಪಂಪು, ಮಿಕ್ಸಿ, ವಾಷಿಂಗ್ ಮೆಷಿನ್ ಬಂದ ಮೇಲೆ ಮೊದಲನೆಯದು ಉಳಿಯಿತು, ಎರಡನೆಯದು ಹೋಯಿತು. ಹೊಲಿಗೆ ಮೆಷಿನ್ನಿಗೂ ಈಗ ಹೆಚ್ಚಿನವರು ಮೋಟಾರು ಹಾಕಿಸಿದ್ದಾರೆ. ಮೊದಲು ಕಾಲಾದರೂ ಆಡುತ್ತಿತ್ತು.

ಇದರಲ್ಲಿ ಕೂರುವುದೇ ದೊಡ್ಡ ತೊಂದರೆ. ಲಂಡನ್ನಿನಲ್ಲಿ ಜೆರಿ ಮಾರಿಸ್ ಅನ್ನುವ ವೈದ್ಯರು 1953ರಲ್ಲಿ ಡಬಲ್ ಡೆಕ್ಕರ್ ಬಸ್ಸಿನ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ತೋರಿಸಿದರು. ಒಂದೇ ಬಸ್ಸು, ಒಂದೇ ಪಾಳಿ. ದಿನವಿಡೀ ಕೂತೇ ಇದ್ದ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ನಮ್ಮ ಅಪ್ಪನನ್ನು ನೆನೆದರೆ ನನಗೆ ಇದೇ ಕಾಣುತ್ತದೆ. ಅಡಿಕೆ ತೋಟಕ್ಕೆ ದಿನಕ್ಕೆ ಮೂರು ಸಲ ಇಳಿದು ಹತ್ತುತ್ತಿದ್ದರು, ಅರವತ್ತರ ತನಕ ಒಂದು ಮಾತ್ರೆ ಇರಲಿಲ್ಲ. ಮೊಣಕಾಲು ನೋವು ಅಂತ ತೋಟಕ್ಕೆ ಇಳಿಯುವುದು ಬಿಟ್ಟರು, ಊಟ ಮಾತ್ರ ಮೊದಲಿನಷ್ಟೇ ಇತ್ತು. ಎರಡು ವರ್ಷದಲ್ಲಿ ಸಕ್ಕರೆ ಬಂತು. ಆಗ ನಾನು ಓದುತ್ತಿದ್ದೆ, ಅವರಿಗೆ ಹೇಳುವಷ್ಟು ತಿಳಿದಿರಲಿಲ್ಲ. ನಿಮಗೆ ಇಷ್ಟು ಉದ್ದ ಬರೆಯುವುದು ಅದಕ್ಕೇ.

ನಿಮಗೆ ಬೇಕಾದ್ದು ವಾರಕ್ಕೆ 150 ನಿಮಿಷ, ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ. ಒಟ್ಟಿಗೇ ಮಾಡಬೇಕೆಂದಿಲ್ಲ. ಹಾಗಾದರೆ ಅದನ್ನು ಊಟದ ಬೆನ್ನಿಗೆ ಕಟ್ಟಿ. ತಿಂಡಿ ಆದ ಮೇಲೆ 10 ನಿಮಿಷ, ಮಧ್ಯಾಹ್ನ ಊಟದ ಮೇಲೆ 10, ರಾತ್ರಿ ಊಟದ ಮೇಲೆ 10. ಕಾಲಿನ ಸ್ನಾಯು ದುಡಿಯುವಾಗ ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಊಟದ ಸಕ್ಕರೆ ರಕ್ತಕ್ಕೆ ಇಳಿಯುವ ಹೊತ್ತಿಗೇ ನೀವು ನಡೆಯುತ್ತಿದ್ದರೆ ಆ ಹತ್ತು ನಿಮಿಷಕ್ಕೆ ಬೆಲೆ ಜಾಸ್ತಿ. ಉಂಡು ಮಲಗುವ ಅಭ್ಯಾಸ ನಮ್ಮ ಕಡೆ ಬಲವಾಗಿದೆ. ಮಲಗಿ, ಆದರೆ ನಡೆದ ಮೇಲೆ.

ಎಲ್ಲಿ ನಡೆಯಲಿ ಅಂದಿರಿ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆಯಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲೂ ಯಾರೂ ನಡೆಯುವುದಿಲ್ಲ. ಜಗಲಿಯಿಂದ ಶುರುಮಾಡಿ, ನಡುಮನೆ ದಾಟಿ, ಅಡುಗೆಮನೆ ಹಿಂದಿನ ಬಾಗಿಲ ತನಕ ಹೋಗಿ, ತಿರುಗಿ ಬನ್ನಿ. ನಮ್ಮ ಕಡೆಯ ಮನೆಗಳು ಉದ್ದ ಇರುತ್ತವೆ, ಇಪ್ಪತ್ತೈದು ಹೆಜ್ಜೆಯಾದರೂ ಸಿಗುತ್ತದೆ. ಬಿರುಸು ಎಷ್ಟಿರಬೇಕು ಅಂದರೆ, ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಹೆಜ್ಜೆ ಎಣಿಸುವ ಮೊಬೈಲು ಬೇಡ. ಹತ್ತು ಸಾವಿರ ಹೆಜ್ಜೆ ಅನ್ನುವ ಅಂಕಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಕೆ ಯಂತ್ರದ ಹೆಸರಿನಿಂದ ಹಬ್ಬಿದ್ದು, ವೈದ್ಯರು ಬರೆದುಕೊಟ್ಟದ್ದಲ್ಲ.

ಇನ್ನೊಂದು ಕೆಲಸ ಇದೆ, ಇದನ್ನು ಮರೆಯಬೇಡಿ. ಒಂದು ರವಿಕೆ ಮುಗಿಯಿತು ಅಂದರೆ ಏಳಿ. ಬಾಬಿನ್ ದಾರ ಮುಗಿದರೂ ಏಳಿ. ಮೆಷಿನ್ ಮುಂದಿನ ಸ್ಟೂಲಿನಿಂದ ಕೈ ಊರದೆ ಹತ್ತು ಸಲ ಎದ್ದು ಕೂತು ಮಾಡಿ. ಶುರುವಿಗೆ ಆರೇ ಆದರೂ ಸಾಕು. ತೊಡೆಯ ಸ್ನಾಯು ಮೈಯ ದೊಡ್ಡ ಸ್ನಾಯುಗಳಲ್ಲಿ ಒಂದು, ಅದು ಗಟ್ಟಿಯಾದಷ್ಟೂ ಸಕ್ಕರೆಗೆ ಜಾಗ ಜಾಸ್ತಿ. ಗೋಡೆಗೆ ಎರಡೂ ಅಂಗೈ ಊರಿ ಎದೆಯನ್ನು ಗೋಡೆಗೆ ತಂದು ಹಿಂದೆ ತಳ್ಳುವುದು ಹತ್ತು ಸಲ. ದಿನವಿಡೀ ಬಗ್ಗಿ ಹೊಲಿಯುವ ಭುಜಕ್ಕೆ ಅದರಿಂದ ಹಾಯೆನಿಸುತ್ತದೆ.

ಕೆಲವರಿಗೆ ಮಾತ್ರ ಈ ಸಲಹೆ ಹೀಗೇ ಹೊಂದುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಹಣ್ಣು, ಸೊಪ್ಪು, ಎಳನೀರನ್ನು ಡಾಕ್ಟರನ್ನು ಕೇಳದೆ ಜಾಸ್ತಿ ಮಾಡಬಾರದು. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ದಿಢೀರನೆ ಹೆಚ್ಚಿಸಬಾರದು. ಸಕ್ಕರೆ ಇಳಿಸುವ ಮಾತ್ರೆ, ಇನ್ಸುಲಿನ್ ಇರುವವರು ಊಟ ಕಡಿಮೆ ಮಾಡಿ ನಡೆಯುವ ಮೊದಲು ಕೇಳಿಕೊಳ್ಳಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಎಚ್‌ಬಿಎ1ಸಿ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. ಹಾಗಾಗಿ ಹದಿನೈದು ದಿನಕ್ಕೆ ಮತ್ತೆ ಮಾಡಿಸಿ ದುಡ್ಡು ಕಳೆಯಬೇಡಿ. ಪೂರ್ತಿ ಮೂರು ತಿಂಗಳು ಬಿಟ್ಟು ಮಾಡಿಸಿ. ಅಲ್ಲಿಯ ತನಕ ನೋಡಿಕೊಳ್ಳಲು ನಿಮ್ಮ ಕೊರಳಲ್ಲೇ ಟೇಪ್ ಇದೆ. ನಾಳೆ ಬೆಳಿಗ್ಗೆ ಏನೂ ತಿನ್ನುವ ಮೊದಲು, ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಿ, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ನಿಮ್ಮ ಲೆಕ್ಕದಲ್ಲಿ ಮೂವತ್ತೊಂದೂವರೆ ಇಂಚು, ಅದರ ಒಳಗಿದ್ದರೆ ಒಳ್ಳೆಯದು. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನಿಮ್ಮ ಹೆಸರು, ತಾರೀಕು, ಅಳತೆ ಬರೆದಿಡಿ. ಪ್ರತಿ ತಿಂಗಳು ಅದೇ ತಾರೀಕಿಗೆ ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟಿನ ಜೊತೆ ಆ ಹಾಳೆಯನ್ನೂ ತೆಗೆದುಕೊಂಡು ಹೋಗಿ.